ಬರ್ತೀನಿ ಅಂದ ಕ್ಯಾಪ್ಟನ್

ನಾನು ಮೊಬೈಲಿನಲ್ಲಿ ಕನ್ನಡ ಬರೆಯಲು ಕಲಿತದ್ದು ಭೂಮಿಯಾಗುವುದಕ್ಕೆ. ಹೀಗೆ ಹೇಳಿದರೆ ರಾಯಚೂರಿನ ನಮ್ಮ ಓಣಿಯ ಹೆಂಗಸರು ನನ್ನ ಮುಖವನ್ನೇ ನೋಡುತ್ತಾರೆ, ಮುದುಕಿಗೆ ಬಿಸಿಲು ತಲೆಗೇರಿದೆ ಎಂದು. ಬಿಸಿಲು ಏರಿದ್ದು ನಿಜ. ಭೂಮಿಯಾದದ್ದೂ ನಿಜ.

ನನ್ನ ಮಗಳ ಮಗಳು ಮೈಸೂರಿನಲ್ಲಿ ಹುಟ್ಟಿ ಬೆಳೆದವಳು. ಆಕಾಶದ ವಿಜ್ಞಾನವನ್ನು ಮಕ್ಕಳಿಗೆ ಮುಟ್ಟಿಸುವ ಒಂದು ಸಂಸ್ಥೆಯಲ್ಲಿ ಕೆಲಸ. ದೇವದುರ್ಗ, ಮಾನ್ವಿ ಕಡೆಯ ಶಾಲೆಗಳಿಗೆ ಹೋಗಬೇಕೆಂದು ಒಂದು ವರ್ಷದ ಮಟ್ಟಿಗೆ ಅವಳನ್ನು ಇಲ್ಲಿಗೆ ಕಳಿಸಿದರು. ನನ್ನ ಮನೆಗೆ ಬಂದು ಇಳಿದಾಗ ಅವಳ ಕೈಯಲ್ಲಿ ಒಂದು ದೊಡ್ಡ ಡಬ್ಬಿ ಇತ್ತು. ಕಡಬು ಹೋಳಿಗೆ ಇರಬಹುದು ಎಂದು ನಾನು ತೆಗೆದು ನೋಡಿದರೆ ಒಳಗೆ ಒಂದು ನಕ್ಷೆ, ಒಂದಷ್ಟು ದಾಳ. ಒಂದು ದಾಳಕ್ಕಂತೂ ಇಪ್ಪತ್ತು ಮುಖ.

"ರಾವಣಗೂ ಹತ್ತೇ ಇದ್ವು. ಇದ್ಯಾರ್ ಬೇ ಅವನಕ್ಕಿಂತ ಜೋರು?" ಎಂದೆ.

ಅದು ಅವಳೇ ಕಟ್ಟಿದ ಆಟ. ಪಗಡೆಯಂತಲ್ಲ, ಕಾಯಿ ನಡೆಸುವುದಿಲ್ಲ. ಮೇಜಿನ ಸುತ್ತ ಕೂತು ಒಬ್ಬರು ಕತೆ ಹೇಳಬೇಕು, ಉಳಿದವರು ಆ ಕತೆಯೊಳಗಿನ ಮನುಷ್ಯರಾಗಬೇಕು. ಒಬ್ಬಳು ಕ್ಯಾಪ್ಟನ್, ಒಬ್ಬಳು ಡಾಕ್ಟರ್, ಒಬ್ಬ ಯಂತ್ರ ನೋಡುವವನು. ಕತೆ ಹೇಳುವವಳು ಒಂದು ಗಳಿಗೆಗೆ ತಂದು ನಿಲ್ಲಿಸಿ "ಈಗ ಏನು ಮಾಡುತ್ತೀರಿ?" ಎಂದು ಕೇಳುತ್ತಾಳೆ. ನೀವು ಏನನ್ನು ಬಾಯಿಬಿಟ್ಟು ಹೇಳುತ್ತೀರೋ ಅದೇ ಆಗುತ್ತದೆ, ದಾಳ ಒಪ್ಪಿದರೆ. ಹೇಳಿದ್ದನ್ನು ಹಿಂದಕ್ಕೆ ನುಂಗುವ ಹಾಗಿಲ್ಲ. ಇನ್ನು ಛಳಿ, ಗಾಳಿ, ದೂರ, ಭಾರ, ಇವೆಲ್ಲ ಅಲ್ಲಿ ನಿಜವಾಗಿ ಹೇಗಿವೆಯೋ ಹಾಗೆಯೇ. ಅದರಲ್ಲಿ ಯಾರ ಆಟವೂ ನಡೆಯುವುದಿಲ್ಲ.

ಅಲ್ಲಿ ಎಂದರೆ ಎಲ್ಲಿ? ಶನಿಯ ಹತ್ತಿರ. ಶನಿಗೆ ಬಹಳ ಚಂದ್ರರಂತೆ. ಅದರಲ್ಲೊಂದು ಚಿಕ್ಕ ಚಂದ್ರ ಪೂರ್ತಿ ಮಂಜುಗಡ್ಡೆ. ಕೆಳಗೆ ಸಮುದ್ರ. ಗಡ್ಡೆ ಬಿರುಕು ಬಿಟ್ಟ ಕಡೆ ಆ ನೀರು ಕಾರಂಜಿಯಾಗಿ ಆಕಾಶಕ್ಕೆ ಚಿಮ್ಮುತ್ತದೆ. ಆಕಾಶದ ಹಡಗಿನಲ್ಲಿ ಅಲ್ಲಿಗೆ ಹೋಗಿ ಆ ನೀರನ್ನು ಬಾಟಲಿಯಲ್ಲಿ ಹಿಡಿದು ಹಡಗಿಗೆ ತಂದು, ಅದರಲ್ಲಿ ಜೀವ ಇದೆಯೋ ಇಲ್ಲವೋ ನೋಡಬೇಕು. ಆಟ ಇಷ್ಟೇ.

ಮೊದಲು ಅವಳೊಬ್ಬಳೇ ಮಾನ್ವಿ ತಾಲೂಕಿನ ಕುರ್ಡಿಗೆ ಹೋದಳು. ಸಂಜೆ ಬಂದು ಚಪ್ಪಲಿಯನ್ನೂ ಬಿಡದೆ ಕೂತಳು.

"ಅಜ್ಜಿ, ಒಬ್ಬರೂ ಬಾಯಿ ಬಿಡಲಿಲ್ಲ."

"ನೀ ಏನಂತ ಕೇಳಿದಿ?"

"'ಈಗ ನೀವು ಯಾವ ನಿರ್ಧಾರವನ್ನು ಕೈಗೊಳ್ಳುತ್ತೀರಿ?' ಅಂತ."

ನನಗೆ ನಗು ತಡೆಯಲಾಗಲಿಲ್ಲ. "ಅವು ತಹಶೀಲ್ದಾರ್ ಬಂದಾನ ಅಂತ ಗಪ್ ಕುಂತಿರಬೇಕು. ಮುಂದಿನ ಸಲ ನನ್ನ ಕರ್ಕೊಂಡ್ ಹೋಗು. 'ಈಗೇನ್ ಮಾಡ್ತೀಲೇ?' ಅಂತ ನಾ ಕೇಳ್ತೀನಿ."

ಹಾಗೆ ನಾನು ಬಾಹ್ಯಾಕಾಶಕ್ಕೆ ಹೊರಟೆ. ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿಯುವುದು. ಗಬ್ಬೂರು ನನ್ನ ತವರು. ಈಗ ಅಲ್ಲಿ ನಮ್ಮವರು ಯಾರೂ ಇಲ್ಲ, ಆದರೂ ಬಸ್ಸು ಇಳಿದ ಕೂಡಲೆ ನನ್ನ ಸೊಂಟ ನೆಟ್ಟಗಾಗುತ್ತದೆ.

ಶನಿವಾರ ಶಾಲೆ ಅರ್ಧ ದಿನ. ಊಟ ಮುಗಿದ ಮೇಲೆ ನಮಗೊಂದು ಕೋಣೆ ಕೊಟ್ಟರು. ಮೇಜಿನ ಮೇಲೆ ನಕ್ಷೆ ಹಾಸಿದ್ದೇ ತಡ, ಬಿಸಿಯೂಟದ ಅಡಿಗೆಯವಳು ಕೈ ಒರೆಸಿಕೊಳ್ಳುತ್ತ ಬಂದಳು.

"ಎಲ್ಲಿಗಿ ಹೊಂಟೀರ್ರಿ ಹುಡುಗುರ್ನ ಕರ್ಕೊಂಡು?"

"ಶನಿಯ ಬಳಿಗೆ" ಎಂದಳು ಮೊಮ್ಮಗಳು, ನಗುನಗುತ್ತಾ.

"ಯವ್ವಾ! ಶನಿವಾರ ದಿನ, ಶನಿ ಇದ್ದಲ್ಲಿಗಿ? ಅವ ಬರಬಾರದು ಅಂತ ನಾವು ಎಳ್ಳೆಣ್ಣಿ ಹಚ್ತೀವಿ, ನೀವು ತಾವಾಗೇ ಹೋಗ್ತೀರಿ?"

ನಾನೆಂದೆ, "ಅವ ನಮ್ಮ ಮನಿಗಿ ಭಾಳ ಸಲ ಬಂದು ಹೋಗ್ಯಾನವ್ವಾ. ಒಮ್ಮಿ ನಾವೂ ಅವನ ಮನಿಗಿ ಹೋಗಿ ಬರೂನು. ಮರ್ಯಾದಿ ಅಲ್ಲೇನು?"

ಮಕ್ಕಳು ನಕ್ಕರು. ನಕ್ಕ ಮೇಲೆ ಬಾಯಿ ತೆರೆಯಿತು. ಬಾಯಿ ತೆರೆದ ಮೇಲೆ ಮುಚ್ಚಲೇ ಇಲ್ಲ. ಅಡಿಗೆಯವಳು ಒಂದು ಹಣತೆಯಲ್ಲಿ ಎಳ್ಳೆಣ್ಣೆ ತಂದು ನಕ್ಷೆಯ ಪಕ್ಕದಲ್ಲಿಟ್ಟಳು. ಮೊಮ್ಮಗಳು ಬೇಡ ಎನ್ನಬೇಕೆಂದಿದ್ದಳು, ನಾನು ಕಣ್ಣಲ್ಲೇ ಸುಮ್ಮನಾಗಿಸಿದೆ.

ಕ್ಯಾಪ್ಟನ್ ಆದವಳು ಏಳನೇ ತರಗತಿಯ ಹುಡುಗಿ. ಅವಳ ತಂದೆ ತಾಯಿ ಪ್ರತಿ ವರ್ಷ ಊರು ಬಿಟ್ಟು ಕಟ್ಟಡದ ಕೆಲಸಕ್ಕೆ ಹೋಗುವವರು. ಅವರು ಹೋದಾಗ ಇವಳೂ ಹೋಗುತ್ತಾಳೆ, ತಮ್ಮನನ್ನು ನೋಡಿಕೊಳ್ಳಲಿಕ್ಕೆ. ಮಳೆ ಬಿದ್ದ ಮೇಲೆ ಬರುತ್ತಾಳೆ. ಹಾಗಾಗಿ ಯಾವ ಪಾಠವೂ ಅವಳಿಗೆ ಪೂರ್ತಿ ಬರುವುದಿಲ್ಲ, ಅರ್ಧರ್ಧ ಬರುತ್ತದೆ. ಇದನ್ನು ಅವಳೇ ಹೇಳಿದ್ದು, ಬೇರೆ ಯಾರದೋ ವಿಷಯ ಹೇಳುವ ಹಾಗೆ. "ನಂಗ ಭಿನ್ನರಾಶಿ ಕೂಡ್ಸಾಕ್ ಬರ್ತದ್ರಿ, ಕಳಿಯಾಕ್ ಬರಂಗಿಲ್ಲ. ಕಳಿಯೋದು ಹೇಳೂ ಹೊತ್ನಾಗ ನಾ ಇರಂಗಿಲ್ಲ."

ಮಂಜಿನ ಚಂದ್ರನ ವಿಷಯ ಕೇಳಿದ ಕೂಡಲೇ ಅವಳ ಮೊದಲ ಪ್ರಶ್ನೆ, "ಆ ನೀರು ಕುಡಿಯಾಕ್ ಬರ್ತದೇನ್ರಿ?"

"ಉಪ್ಪಿರುತ್ತದೆ" ಎಂದಳು ಮೊಮ್ಮಗಳು.

"ಹಂಗಾದ್ರ ನಮ್ ಬೋರಿನ್ ನೀರೇ ಬಿಡ್ರಿ. ಇಷ್ಟಕ್ಕ ಅಷ್ಟು ದೂರ ಹೋಗ್ಬೇಕೇನು?" ಆಮೇಲೆ ತುಸು ಯೋಚಿಸಿ, "ಅದ್ರಾಗ ಏನರ ಜೀವ ಅದೇನ್ರಿ?"

"ಅದನ್ನು ನಾನು ಹೇಳುವ ಹಾಗಿಲ್ಲ. ನೀನೇ ತಂದು ನೋಡಬೇಕು."

"ತರ್ತೀನಿ" ಎಂದಳು. ಅವಳು ಹಾಗೆ ಹೇಳಿದ ರೀತಿ ನೋಡಿ ನನಗೆ ಇದು ಇನ್ನು ಆಟವಲ್ಲ ಅನಿಸಿತು. ಶಾಲೆಯಲ್ಲಿ ಅರ್ಧಕ್ಕೆ ಬಿಟ್ಟ ಎಲ್ಲ ಪಾಠಗಳ ಬದಲು ಇದೊಂದನ್ನು ಕೊನೆಯವರೆಗೆ ನೋಡಿಯೇ ತೀರುವೆ ಎನ್ನುವ ಹಟ ಅದು.

ಡಾಕ್ಟರ್ ಆದವಳು ಅವಳ ಗೆಳತಿ. ಹಡಗಿನ ಯಂತ್ರ ಮತ್ತು ಬಾಗಿಲು ನೋಡಿಕೊಳ್ಳಲು ಒಬ್ಬ ಹುಡುಗ, ಸದಾ ಮೂಗು ಸೊರ್ ಎನ್ನಿಸುವವನು. ನನಗೆ ಏನು ಕೆಲಸ? ನಾನು ನಡುನಡುವೆ ಮಾತಾಡಿ ಎಲ್ಲರ ಸರದಿ ಕೆಡಿಸುತ್ತೇನೆಂದು ಮೊಮ್ಮಗಳು ನನ್ನನ್ನು ಭೂಮಿ ಮಾಡಿದಳು. ಭೂಮಿ ಬೇರೆ ಕೋಣೆಯಲ್ಲಿರಬೇಕು. ಪಕ್ಕದ ಅಕ್ಕಿ ಕೋಣೆಯಲ್ಲಿ ಒಂದು ಚೀಲದ ಮೇಲೆ ನನ್ನನ್ನು ಕೂರಿಸಿ ಕೈಗೆ ಮೊಬೈಲ್ ಕೊಟ್ಟಳು. ಹಡಗಿನಲ್ಲಿ ಅವಳ ಮೊಬೈಲ್. ಮಾತೆಲ್ಲ ಟೈಪ್ ಮಾಡಿಯೇ. ಶನಿಯಿಂದ ಒಂದು ಸುದ್ದಿ ಭೂಮಿಗೆ ಬರಲು ತಾಸಿನ ಮೇಲೆ ಹಿಡಿಯುತ್ತದಂತೆ, ಅದಕ್ಕಾಗಿ ಒಂದು ಸರದಿ ಮುಗಿದ ಮೇಲೆಯೇ ಸಂದೇಶ ಕಳಿಸಬೇಕು ಎನ್ನುವ ನಿಯಮ. ಗಬ್ಬೂರಿನ ನೆಟ್‌ವರ್ಕಿಗೆ ಆ ನಿಯಮವೇ ಬೇಕಿರಲಿಲ್ಲ.

ನಾನು ಕಳಿಸಿದ ಮೊಟ್ಟಮೊದಲ ಆದೇಶ "ಬಾಗಿಲು ಮುಚ್ಚಿ". ನಾನು 'ಬಾ' ಎಂದು ಒತ್ತುವಷ್ಟರಲ್ಲಿ ಮೊಬೈಲ್ ತನಗೆ ತಿಳಿದದ್ದನ್ನು ಹಾಕಿತು. ಪಕ್ಕದ ಕೋಣೆ ಒಮ್ಮೆಲೆ ನಿಶ್ಶಬ್ದವಾಯಿತು. ಎಷ್ಟು ಹೊತ್ತಾದರೂ ಸದ್ದಿಲ್ಲ. ಹೋಗಿ ನೋಡಿದರೆ ಮೂವರೂ ತುಟಿ ಒತ್ತಿ ಹಿಡಿದು ಕೂತಿದ್ದಾರೆ. ಪರದೆಯ ಮೇಲೆ "ಬಾಯಿ ಮುಚ್ಚಿ".

"ಭೂಮಿ ಹೇಳ್ಯಾಳ್ರಿ" ಎಂದ ಮೂಗಿನ ಹುಡುಗ, ತುಟಿ ತೆರೆಯದೆ.

ಆ ದಿನಗಳು ಚೆನ್ನಾಗಿದ್ದವು. ಆ ಚಂದ್ರನಲ್ಲಿ ಮೈಗೆ ಭಾರವೇ ಇರುವುದಿಲ್ಲವಂತೆ. ಡಾಕ್ಟರ್ ಒಮ್ಮೆ ಜಿಗಿಯುತ್ತೇನೆ ಎಂದಳು, ದಾಳ ಒಪ್ಪಿತು. "ನೀನು ಮೇಲೆ ಹೋಗುತ್ತಲೇ ಇದ್ದೀಯ" ಎಂದು ಮೊಮ್ಮಗಳು ಬಾಕಿಯವರ ಸರದಿ ನಡೆಸುತ್ತಾ ಹೋದಳು. ಕೆಳಗೆ ಬರುವಷ್ಟರಲ್ಲಿ ಒಂದು ಎಲೆ ಅಡಿಕೆ ಹಾಕಿ ಉಗುಳಿ ಬರಬಹುದಿತ್ತು. ಹಡಗಿನ ಗಾಳಿಗೆ ಲೆಕ್ಕವಾಗಿ ಒಂದು ಬಟ್ಟಲಲ್ಲಿ ಹುಣಸೆ ಬೀಜ ಇಟ್ಟಿದ್ದೆವು. ಗಾಳಿ ಖರ್ಚಾದ ಹಾಗೆ ಬೀಜ ತೆಗೆಯುವುದು.

ಎಡವಟ್ಟಾದದ್ದು ಕ್ಯಾಪ್ಟನ್ ಹಡಗಿನಿಂದ ಇಳಿದ ದಿನ.

ಹೊರಗೆ ಇಳಿಯುವುದು ಎಂದರೆ ಕೋಣೆ ಬಿಟ್ಟು ಶಾಲೆಯ ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲುವುದು. ಅಲ್ಲಿಂದ ಮಾತು ಒಳಗೆ ಕೇಳಿಸಬಾರದು. ಮೊದಲು ನನಗೊಂದು ಸಂದೇಶ ಬಂತು: "ನೀರು ತರಾಕ ಹೊರಗ ಹೊಂಟೀನಿ." ಆಮೇಲೆ ಇನ್ನೊಂದು: "ಬರ್ತೀನಿ."

ನಾನು ಏನು ತಿಳಿದೆ? ಹೊರಗೆ ಹೋಗಿದ್ದಾಳೆ, ನೀರು ಸಿಕ್ಕಿದೆ, ಈಗ ಬರುತ್ತಿದ್ದಾಳೆ. ಲಗುಬಗೆಯಲ್ಲಿ ಟೈಪ್ ಮಾಡಿದೆ: "ಬಾಗಿಲು ತೆಗೀರಿ." ಈ ಸಲ ಮೊಬೈಲ್ ಒಂದಕ್ಷರವೂ ತಪ್ಪಲಿಲ್ಲ.

ಅವಳು ಹೇಳಿದ್ದು ಆ ಬರ್ತೀನಿ ಅಲ್ಲ. ನಾವು ಮನೆ ಬಿಡುವಾಗ ಹೇಳುತ್ತೇವಲ್ಲ, ಚೀಲ ಕಂಕುಳಲ್ಲಿ ಇಟ್ಟುಕೊಂಡು, ಹೊಸ್ತಿಲ ಮೇಲೆ ಕಾಲಿಟ್ಟು, "ಬರ್ತೀನ್ರಿ", ಆ ಬರ್ತೀನಿ. ಹೊರಡುವವರು ಹೋಗುತ್ತೇನೆ ಎನ್ನಬಾರದು. ಹಾಗೆಂದರೆ ಹೋಗಿಯೇ ಬಿಟ್ಟರು ಎಂದರ್ಥ. ನನ್ನ ಜನ್ಮದಲ್ಲಿ ಆ ಮಾತನ್ನು ನಾನು ಲಕ್ಷ ಸಲ ಹೇಳಿದ್ದೇನೆ, ಕೇಳಿದ್ದೇನೆ, ಒಂದು ಸಲವೂ ಗೊಂದಲವಾಗಿಲ್ಲ. ಯಾಕೆಂದರೆ ಎದುರಿಗೆ ಚೀಲ ಕಾಣುತ್ತದೆ, ಬೆನ್ನು ಕಾಣುತ್ತದೆ. ಮೊಬೈಲಿನಲ್ಲಿ ಬೆನ್ನು ಕಾಣುವುದಿಲ್ಲ.

ಭೂಮಿ ಹೇಳಿದಳೆಂದು ಮೂಗಿನ ಹುಡುಗ ಹಡಗಿನ ಒಳಬಾಗಿಲು, ಹೊರಬಾಗಿಲು ಎರಡನ್ನೂ ಒಟ್ಟಿಗೆ ತೆಗೆದುಬಿಟ್ಟ. ದೊಡ್ಡವರ ಮಾತು ಮೀರಬಾರದಲ್ಲ. ಮೊಮ್ಮಗಳು ತಲೆ ಹಿಡಿದುಕೊಂಡಳು. ಆ ಛಳಿಯಲ್ಲಿ ಬಾಗಿಲಿನ ಸಂದಿಯಲ್ಲಿ ಮಂಜು ಕೂತಿತು, ಈಗ ಅದು ಪೂರ್ತಿ ಮುಚ್ಚುವುದಿಲ್ಲ, ಗಾಳಿ ಸೋರುತ್ತಲೇ ಇರುತ್ತದೆ ಎಂದಳು. ಜೋರು ಮಾಡಿ ಒಂದೇ ಒಂದು ಸಲ ಮುಚ್ಚಬಹುದು. ಹಾಗೆ ಮುಚ್ಚಿದರೆ ಮತ್ತೆ ತೆಗೆಯಲು ಬರುವುದಿಲ್ಲ, ಹಡಗು ಹೊರಡಬೇಕಷ್ಟೇ. ಕ್ಯಾಪ್ಟನ್ ಹೊರಗಿದ್ದಾಳೆ. ಅಂದರೆ ಅವಳು ಬರುವವರೆಗೆ ಪ್ರತಿ ಸರದಿಗೂ ಒಂದು ಹುಣಸೆ ಬೀಜ.

ಅಂಗಳದಿಂದ ಕ್ಯಾಪ್ಟನ್ ಓಡಿ ಬಂದು ವಿಷಯ ತಿಳಿದು ನಕ್ಕಳು. "ಏನ್ ಆಯಿ ನೀ! ಹೊಂಟಾಕಿ ಬರ್ತೀನಿ ಅಂದ್ರ ಬರ್ತೀನಿ ಅಂತೇನು?"

"ಮತ್ತ ಬರಾಕಿ ಏನಂತಾಳ್ಲೇ?"

"ಬಂದೆ ಅಂತಾಳ!"

ಬಹಳ ಹೊತ್ತು ಜಗಳವಾಡಿ ಒಂದು ಹೊಸ ನಿಯಮ ಮಾಡಿದೆವು. ಇನ್ನು ಮುಂದೆ ಆಟದಲ್ಲಿ ಬರ್ತೀನಿ ಎಂದರೆ ಬರುವುದೇ. ಹೋಗುವವರು ಹೋಗ್ತೀನಿ ಎಂದೇ ಹೇಳಬೇಕು. ಡಾಕ್ಟರ್ ಕೆನ್ನೆ ಬಡಿದುಕೊಂಡಳು, ಅಪಶಕುನ ಎಂದು. ಆದರೂ ಒಪ್ಪಿದಳು.

ಅಷ್ಟರಲ್ಲಿ ನಮ್ಮ ಬಸ್ಸಿನ ಹೊತ್ತಾಯಿತು. ಕ್ಯಾಪ್ಟನ್ ಬಿರುಕಿನ ಬಾಯಲ್ಲಿ ನಿಂತಿದ್ದಾಳೆ, ಬಾಟಲಿ ತುಂಬಿದೆ, ಹಡಗಿಗೆ ಮರಳುವ ದಾಳ ಮುಂದಿನ ಶನಿವಾರ ಎಂದು ಮೊಮ್ಮಗಳು ಡಬ್ಬಿ ಕಟ್ಟಿದಳು.

ಬಸ್ ಸ್ಟ್ಯಾಂಡಿಗೆ ಕ್ಯಾಪ್ಟನ್ ಹುಡುಗಿ ನಮ್ಮ ಜೊತೆ ನಡೆದು ಬಂದಳು. ಬಸ್ಸು ಕಂಡ ಮೇಲೆ ಹೇಳಿದಳು, "ಟೀಚರ್, ಸೋಮವಾರ ನಮ್ಮವರು ಬೆಂಗಳೂರ್ ಕಡಿ ಹೊಂಟಾರ್ರಿ. ಕಟ್ಟಡಕ್ಕ. ನಂಗೂ ಹೋಗ್ಬೇಕು."

ಮೊಮ್ಮಗಳು ನಿಂತುಬಿಟ್ಟಳು. "ಮುಂಚೆ ಹೇಳಿದ್ದರೆ ಇವತ್ತೇ ಮುಗಿಸುತ್ತಿದ್ದೆನಲ್ಲ?"

"ಇವತ್ ಮುಂಜಾನಿ ಗೊತ್ತಾತ್ರಿ." ಬಾಟಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಆಟದ್ದಲ್ಲ, ಶಾಲೆಗೆ ನೀರು ತರುವ ಬಾಟಲಿ. "ನನ್ನ ಜಾಗಾಕ್ಕ ಬ್ಯಾರೇರ್ನ ಹಚ್ಚಬ್ಯಾಡ್ರಿ. ನನ್ನ ಅಲ್ಲೇ ಹೊರಗ ನಿಂದ್ರಸ್ರಿ. ಮುಗಿಸ್ಬ್ಯಾಡ್ರಿ."

ತಾಯಿಯ ಮೊಬೈಲ್ ನಂಬರನ್ನು ಬಾಯಿಪಾಠ ಹೇಳಿದಳು. ನಾನು ಒತ್ತಿಕೊಂಡೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕೇಳಿಸಿತು, "ಆಯೀ, ಬರ್ತೀನಿ!"

ನಾನು ತಿರುಗಿ, "ಊರಿನ ಬರ್ತೀನೋ, ಆಟದ ಬರ್ತೀನೋ?" ಎಂದು ಕೇಳಿದೆ.

"ಆಟದ್ದು, ಆಯಿ."

ಮುಂದಿನ ಶನಿವಾರ ಅವಳ ಸ್ಟೂಲು ಖಾಲಿ. ಆಡಲು ಬೇರೆ ಹುಡುಗಿಯರು ಮುಗಿಬಿದ್ದಿದ್ದರು, ಆದರೆ ಡಾಕ್ಟರ್ ಆ ಸ್ಟೂಲಿನ ಮೇಲೆ ತನ್ನ ಪಾಟಿಚೀಲ ಇಟ್ಟು ಕೂತಿದ್ದಳು. ಮೊಮ್ಮಗಳು ಕೇಳಿದಳು, "ಈಗೇನ್ ಮಾಡ್ತೀರಿ?" ಅಷ್ಟರಲ್ಲಿ ಅವಳ ಬಾಯಿಗೂ ನಮ್ಮ ಭಾಷೆ ಹತ್ತಿತ್ತು.

"ಕಾಯ್ತೀವ್ರಿ."

"ಕಾಯ್ದರೆ ಗಾಳಿ ಕಡಿಮೆಯಾಗುತ್ತೆ."

"ಆಗ್ಲಿ ಬಿಡ್ರಿ. ಆಕಿ ಬರ್ತೀನಿ ಅಂದಾಳ, ಆಟದ ಬರ್ತೀನಿ" ಎಂದ ಮೂಗಿನ ಹುಡುಗ. ಬಾಗಿಲು ಅವನದು.

ಹಾಗೆ ಶುರುವಾಯಿತು ಕಾಯುವುದು. ಪ್ರತಿ ಶನಿವಾರ ಒಂದು ಸರದಿ, ಒಂದು ಬೀಜ. ಉಳಿದ ಹೊತ್ತು ಮೊಮ್ಮಗಳು ಗ್ರಹಗಳ ವಿಷಯ, ಛಳಿಯ ವಿಷಯ ಹೇಳುತ್ತಿದ್ದಳು, ಮಕ್ಕಳು ಅರ್ಧ ಕಿವಿಯಲ್ಲಿ ಕೇಳುತ್ತಾ ಕಿಟಕಿಯಾಚೆ ಬೇವಿನ ಗಿಡ ನೋಡುತ್ತಿದ್ದರು. ನಾನು ಅಕ್ಕಿ ಚೀಲದ ಮೇಲೆ ಕೂತು ಕ್ಯಾಪ್ಟನ್ನಿನ ತಾಯಿಯ ಮೊಬೈಲಿಗೆ ಬರೆಯುತ್ತಿದ್ದೆ. "ಭೂಮಿಯಿಂದ ಕ್ಯಾಪ್ಟನ್‌ಗೆ. ಹಡಗು ನಿಂತದ. ಬಾಗಲಾ ತೆರದದ. ಊಟ ಮಾಡಿಯೇನು?" ಪ್ರತಿ ಸಂದೇಶದ ಕೆಳಗೆ ಒಂದೇ ಗೀಟು. ಎರಡನೆಯ ಗೀಟು ಬಂದರೆ ಮುಟ್ಟಿತು ಎಂದರ್ಥ ಎಂದು ಮೊಮ್ಮಗಳು ಕಲಿಸಿದ್ದಳು. ಶನಿಯಷ್ಟು ದೂರವಿದ್ದರೆ ತಡವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಫೋನ್ ಮಾಡಿದರೆ ಸ್ವಿಚ್ ಆಫ್.

ಒಂದು ಶನಿವಾರ ಬಟ್ಟಲು ತೆರೆದ ಮೊಮ್ಮಗಳು ಹುಬ್ಬು ಗಂಟಿಕ್ಕಿದಳು. ಬೀಜ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಬಟ್ಟಲು ತುಂಬಿ ತುಳುಕುತ್ತಿತ್ತು.

"ಇದು ಹೇಗಾಯ್ತು?"

ನಾನು ಗೋಡೆಯ ಕಡೆ ನೋಡಿದೆ. ನನ್ನ ಸೆರಗಿನ ಗಂಟಿನಲ್ಲಿ ಇನ್ನೂ ನಾಲ್ಕಾರು ಬೀಜ ಇದ್ದವು. ಆದರೆ ನಾನು ಹಾಕಿದ್ದು ಒಂದು ಹಿಡಿಯಷ್ಟೆ. ಉಳಿದದ್ದು? ಮೂಗಿನ ಹುಡುಗನ ಕಿಸೆ ಉಬ್ಬಿತ್ತು. ಡಾಕ್ಟರ್ ಕೆಳಗೆ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತ ಅಡಿಗೆಯವಳು ಗಂಟಲು ಸರಿ ಮಾಡಿಕೊಂಡಳು. "ಸಾರಿಗಿ ಹುಣಸಿಹಣ್ಣು ಹಿಂಡಿದ್ವಿ ನೋಡ್ರಿ... ಬೀಜಾ ಚಲ್ಲೂದ್ಯಾಕ ಅಂತ..."

ನಾವು ನಾಲ್ವರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಗಾಳಿ ಕದ್ದು ತಂದಿದ್ದೆವು.

ಮೊಮ್ಮಗಳು ನಗುತ್ತಾಳೆ ಅಂದುಕೊಂಡೆ. ಅವಳು ಕೂತುಬಿಟ್ಟಳು. "ಅಜ್ಜಿ, ಗಾಳಿ ಹಾಗೆ ಹುಟ್ಟೋದಿಲ್ಲ. ಇದೊಂದನ್ನೂ ನಾನು ಸುಳ್ಳು ಹೇಳಿದರೆ ಮತ್ತೆ ಇದು ವಿಜ್ಞಾನದ ಆಟ ಹೇಗಾಗುತ್ತೆ?" ಹೆಚ್ಚಿನ ಬೀಜಗಳನ್ನು ಎತ್ತಿ ಕಿಟಕಿಯಿಂದ ಹೊರಗೆ ಹಾಕಿದಳು. ಬಟ್ಟಲ ತಳದಲ್ಲಿ ಉಳಿದದ್ದನ್ನು ನೋಡಿದರೆ ಇನ್ನು ಕೆಲವೇ ಶನಿವಾರಗಳ ಗಾಳಿ.

ಅವಳಿಗೂ ಅವಸರವಿತ್ತು. ಪರೀಕ್ಷೆ ಬಂದರೆ ಶಾಲೆ ಕೋಣೆ ಕೊಡುವುದಿಲ್ಲ. ಅಷ್ಟರಲ್ಲಿ ಅವಳ ವರ್ಷವೂ ಮುಗಿಯುತ್ತದೆ. ಮುಂದಿನ ವರ್ಷಕ್ಕೆ ಈ ಕೆಲಸ ಇಲ್ಲ ಎಂದು ಮೇಲಿನವರು ಹೇಳಿಯಾಗಿತ್ತು. ಆಟ ಮುಗಿದು ಹಡಗು ಹೊರಟದ್ದರ ವಿಡಿಯೋ ಒಂದನ್ನು ಕಳಿಸಬೇಕಷ್ಟೇ.

ನಾನೊಬ್ಬಳೇ ಒಂದು ದಿನ ದೇವದುರ್ಗಕ್ಕೆ ಹೋದೆ, ಮೊಮ್ಮಗಳಿಗೆ ಸಂತೆಗೆ ಎಂದು ಹೇಳಿ. ಜನರನ್ನು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಸಿಗುತ್ತಾನೆ ಎಂದು ಅಡಿಗೆಯವಳು ಹೇಳಿದ್ದಳು. ಸಿಕ್ಕ.

"ಆ ಕಟ್ಟಡ ಮುಗೀತಬೇ ಯವ್ವಾ" ಎಂದ. "ಅಲ್ಲಿಂದ ಬ್ಯಾರೆ ಮೇಸ್ತ್ರಿ ಕೂಡ ಹೋದ್ರು. ಪುಣೆ ಅಂದ್ರು, ಮತ್ತೊಬ್ಬರು ಇನ್ನೆಲ್ಲೋ ಅಂದ್ರು. ನನಗ ಗೊತ್ತಿಲ್ಲ."

"ಹುಡುಗಿ?"

"ಆಕೀನೂ ಕೆಲಸಕ್ಕ ಹತ್ಯಾಳ. ಬುಟ್ಟಿ ಹೊರ್ತಾಳ. ಗಟ್ಟಿ ಅದಾಳ ಹುಡುಗಿ." ಹೊಗಳುವ ಹಾಗೆಯೇ ಹೇಳಿದ. "ನಿಮಗೇನ್ ಆಗ್ಬೇಕು?"

ನಾನು ಏನೆಂದು ಹೇಳಲಿ? ಭೂಮಿಯಾಗಬೇಕು ಎನ್ನಲೇ? "ಮೊಮ್ಮಗಳು" ಎಂದೆ.

"ಮಳಿಗಿ ಬರ್ತಾರೇನು?" ಎಂದು ನಾನೇ ಮತ್ತೆ ಕೇಳಿದೆ.

"ಈ ಸಲ ಮನಿ ಕೀಲಿ ಯಾರ ಕೈಯಾಗೂ ಕೊಟ್ಟು ಹೋಗಿಲ್ಲಂತ. ಆಡು ಮಾರಿ ಹೋಗ್ಯಾರ. ಆಡು ಮಾರಿದವ್ರು ಜಲ್ದಿ ಬರಂಗಿಲ್ಲಬೇ." ಚಹಾ ಕುಡಿಸಿ ಕಳಿಸಿದ, ಕೆಟ್ಟವನಲ್ಲ.

ಎರಡನೆಯ ಗೀಟು ಬಂದದ್ದು ಅದಾದ ಮೇಲೆ. ಮಧ್ಯಾಹ್ನ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದೆ. ಮೊಬೈಲ್ ನೋಡಿದರೆ ನನ್ನ ಎಲ್ಲ ಸಂದೇಶಗಳ ಕೆಳಗೆ ಎರಡೆರಡು ಗೀಟು. ಒಂದೇ ಸಲಕ್ಕೆ, ಎಲ್ಲಕ್ಕೂ. ಖಾರದ ಕೈಯಿಂದಲೇ ಕಣ್ಣು ಒರೆಸಿಕೊಂಡು ಪರದಾಡಿದೆ. ಕಣ್ಣು ತೆರೆಯುವ ಹೊತ್ತಿಗೆ ಉತ್ತರವೂ ಬಂದಿತ್ತು. ಹಿಂದಿಯಲ್ಲಿ. ಮಾತಾದರೆ ನನಗೆ ತಿಳಿಯುತ್ತದೆ, ರಾಯಚೂರಿನವಳು, ಅಕ್ಷರ ಬರುವುದಿಲ್ಲ. ಮೊಮ್ಮಗಳನ್ನು ಕೂಗಿದೆ. ಅವಳು ಓದಿದಳು. ಆಮೇಲೆ ಮತ್ತೊಮ್ಮೆ ಓದಿದಳು.

"ಏನ್ ಬರದಾಳ್ಲೇ? ಹೇಳು!"

"'ಯಾರು ನೀವು? ಯಾವ ಹಡಗು?' ಅಂತಿದೆ, ಅಜ್ಜಿ."

ಫೋನ್ ಮಾಡಿದೆ. ಯಾವುದೋ ಊರಿನ ಯಾವುದೋ ಗಂಡಸು. ಈ ನಂಬರ್ ಮೊನ್ನೆ ತಾನೇ ಕೊಂಡದ್ದು, ಮೊದಲು ಯಾರದಿತ್ತೋ ಗೊತ್ತಿಲ್ಲ ಎಂದ. ಪಾಪ, ಬಹಳ ಮರ್ಯಾದೆಯಿಂದ ಮಾತಾಡಿದ. ಹಡಗು ಸಿಕ್ಕಿತೇ ಎಂದೂ ಕೇಳಿದ.

ಇದನ್ನು ಮಕ್ಕಳಿಗೆ ಹೇಳಬೇಡ ಎಂದೆ ಮೊಮ್ಮಗಳಿಗೆ. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಬೀಜ ಮುಗಿಯುತ್ತಾ ಬಂತು.

ಕೊನೆಯ ಶನಿವಾರ ಕೋಣೆಯ ಬಿಸಿಗೆ ನಕ್ಷೆಯ ಅಂಚು ಸುರುಳಿ ಸುತ್ತುತ್ತಿತ್ತು. ಮಂಜಿನ ಚಂದ್ರ ಅದು, ಅದರ ಮೇಲೆ ಮಕ್ಕಳ ಬೆವರು ತೊಟ್ಟಿಕ್ಕುತ್ತಿತ್ತು. ನಾನು ನನ್ನ ಜಾಗಕ್ಕೆ, ಅಕ್ಕಿ ಕೋಣೆಗೆ ಹೋದೆ. ನಡುವಿನ ಕದ ಸರಿಯಾಗಿ ಕೂಡುವುದಿಲ್ಲ, ಎಲ್ಲವೂ ಕೇಳಿಸುತ್ತದೆ. ನಿಯಮದ ಪ್ರಕಾರ ಭೂಮಿಗೆ ಕೇಳಿಸಬಾರದು. ಭೂಮಿಗೆ ಕಿವಿ ಚುರುಕು.

"ಒಂದೇ ಬೀಜ ಉಳಿದಿದೆ" ಎಂದಳು ಮೊಮ್ಮಗಳು. "ಈ ಸರದಿಯಲ್ಲಿ ಬಾಗಿಲು ಮುಚ್ಚಿ ಹೊರಡಬೇಕು. ಇಲ್ಲದಿದ್ದರೆ ನೀವಿಬ್ಬರೂ ಬದುಕುವುದಿಲ್ಲ. ಈಗೇನ್ ಮಾಡ್ತೀರಿ?"

"ಕಾಯ್ತೀವ್ರಿ" ಎಂದಳು ಡಾಕ್ಟರ್.

"ಸಾಯ್ತೀರಿ."

"ಹೂಂನ್ರಿ."

"ಹಡಗು ಹೊರಡಬೇಕಾದರೆ ನಿಮ್ಮಲ್ಲಿ ಒಬ್ಬರು ಹೇಳಬೇಕು, ಹೋಗ್ತೀವಿ ಅಂತ. ಇಲ್ಲವೇ ಭೂಮಿ ಹೇಳಬೇಕು, ಹೋಗಿ ಅಂತ. ಅಷ್ಟೇ. ಒಂದು ಮಾತು."

ಮೂಗು ಸೊರ್ ಎಂದ ಸದ್ದು. "ಬರ್ತೀವಿ ಅಂದ್ರ ನಡೀತದೇನ್ರಿ?"

"ನಡೆಯೋದಿಲ್ಲ. ನಾವೇ ನಿಯಮ ಮಾಡಿದ್ದೀವಲ್ಲ. ಬರ್ತೀವಿ ಅಂದರೆ ಹಡಗು ಹೋಗೋದಿಲ್ಲ."

"ಹೊರಗ ನಿಂತಾಕಿ ಮುಂದ ಹೋಗ್ತೀವಿ ಅಂತ ಹೆಂಗ ಅನ್ನೂದ್ರಿ? ಹಂಗ ಅನ್ನಬಾರದ್ರಿ" ಎಂದಳು ಡಾಕ್ಟರ್. ಅಳುತ್ತಿರಲಿಲ್ಲ. ದೊಡ್ಡವರ ಹಾಗೆ, ತಿಳಿಹೇಳುವ ಹಾಗೆ ಹೇಳಿದಳು. "ಸತ್ತ್ರೂ ಚಿಂತಿಲ್ರಿ. ನಾವು ಅನ್ನಂಗಿಲ್ಲ."

ನನ್ನ ಮೊಬೈಲ್ ಗುಂಯ್ ಎಂದಿತು. ಹಡಗಿನಿಂದ ಸಂದೇಶ: "ಭೂಮಿ ಏನ್ ಮಾಡೂನು".

ಭೂಮಿ ಹೇಳಿದರೆ ಅವರು ಮಾಡುತ್ತಾರೆ. ಬಾಯಿ ಮುಚ್ಚಿ ಎಂದರೆ ಮುಚ್ಚಿದವರು, ಬಾಗಿಲು ತೆಗೀರಿ ಎಂದರೆ ತೆಗೆದವರು. ಕ್ಯಾಪ್ಟನ್ ಬರುವುದಿಲ್ಲ ಎಂದು ಗೊತ್ತಿರುವವರು ನಾನು, ಮೊಮ್ಮಗಳು ಇಬ್ಬರೇ. ಅವಳು ಕತೆ ಹೇಳುವವಳು, ಹೇಳಿಕೊಡುವ ಹಾಗಿಲ್ಲ. ಉಳಿದವಳು ನಾನು. ಕಾಯಿರಿ ಎನ್ನಬಹುದಿತ್ತು. ಕೂತಲ್ಲೇ ಮೂವರೂ ಒಟ್ಟಿಗೆ ಮುಗಿಯಲಿ ಎನ್ನಬಹುದಿತ್ತು. ಮಕ್ಕಳಿಗೆ ಅದೇ ಬೇಕಿತ್ತು. ಆದರೆ ಆಮೇಲೆ ಅವರು ಮನೆಗೆ ಹೋಗಿ ರೊಟ್ಟಿ ತಿನ್ನಬೇಕು, ಸೋಮವಾರ ಪರೀಕ್ಷೆ ಬರೆಯಬೇಕು. ಅವಳು ಅಷ್ಟು ಹೊತ್ತಿಗೆ ಯಾವ ಊರಿನ ಯಾವ ಮಹಡಿಯ ಮೆಟ್ಟಿಲಲ್ಲಿ ಬುಟ್ಟಿ ಹೊತ್ತಿರುತ್ತಾಳೋ.

'ಹೋಗಿ' ಎಂದು ಟೈಪ್ ಮಾಡಿದೆ.

ಮೊಬೈಲ್ ತಾನಾಗಿಯೇ ಪಕ್ಕದಲ್ಲಿ 'ಬನ್ನಿ' ಎಂದು ತಂದಿಟ್ಟಿತು. ನನ್ನ ಬೆರಳು ಅಭ್ಯಾಸದಿಂದ ಅದನ್ನು ಒತ್ತಿಯೂಬಿಟ್ಟಿತು. ಹೋಗಿ ಬನ್ನಿ. ನೋಡಲು ಎಷ್ಟು ಚೆನ್ನಾಗಿತ್ತು. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತೆ. ಆಮೇಲೆ ಒಂದೊಂದೇ ಅಕ್ಷರ ಅಳಿಸಿದೆ. 'ನ್ನಿ' ಅಳಿಸುವುದು ಕಷ್ಟ, ಮೊದಲು ಗುಡಿಸು, ಆಮೇಲೆ ಒತ್ತು ಹೋಗಿ ಅಕ್ಷರ ಉಳಿಯುತ್ತದೆ, ಮೂರು ನಾಲ್ಕು ಸಲ ಒತ್ತಬೇಕು. ಅಳಿಸಿ ಕಳಿಸಿದೆ.

ಆ ಕೋಣೆಯಲ್ಲಿ ಯಾರೋ ಓದಿದರು. ಡಾಕ್ಟರ್ ಇರಬೇಕು. "ಹೋಗಿ. ಅಷ್ಟೇ ಅದ." ದಾಳ ಮೇಜಿನ ಮೇಲೆ ಉರುಳಿದ ಸದ್ದು. ಎಷ್ಟು ಬಿತ್ತೆಂದು ಯಾರೂ ಹೇಳಲಿಲ್ಲ. ಆಮೇಲೆ ಸ್ಟೂಲು ಸರಿಯಿತು, ಮೂಗಿನ ಹುಡುಗ ಎದ್ದು ಹೋಗಿ ಕೋಣೆಯ ಬಾಗಿಲನ್ನೇ ಎಳೆದು ಮುಚ್ಚಿದ. ಆಟದ್ದಲ್ಲ, ನಿಜವಾದ ಬಾಗಿಲು, ಅಂಗಳದ ಕಡೆಯದು. ಅದು ಯಾವಾಗಲೂ ನೆಲಕ್ಕೆ ಉಜ್ಜುತ್ತದೆ, ಅದಕ್ಕಾಗಿ ಅದನ್ನು ಯಾರೂ ಮುಚ್ಚುತ್ತಿರಲಿಲ್ಲ. ಉಜ್ಜಿಕೊಂಡೇ ಮುಚ್ಚಿತು.

ವಿಡಿಯೋ ಮಾಡುವುದನ್ನು ಮೊಮ್ಮಗಳು ಮರೆತಿದ್ದಳು.

ಬಸ್ ಸ್ಟ್ಯಾಂಡಿಗೆ ಇಬ್ಬರೂ ಬಂದರು, ಅಡಿಗೆಯವಳೂ ಬಂದಳು. ಡಬ್ಬಿಯನ್ನು ಮೂಗಿನ ಹುಡುಗ ಹೊತ್ತಿದ್ದ. ಡಾಕ್ಟರ್ ಕೇಳಿದಳು, "ಟೀಚರ್, ಆ ನೀರಿನಾಗ ಏನಿತ್ರಿ? ಈಗರ ಹೇಳ್ರಿ."

"ನನಗೂ ಗೊತ್ತಿಲ್ಲ" ಎಂದಳು ಮೊಮ್ಮಗಳು. "ಅವಳು ತಂದು ದಾಳ ಹಾಕಿದ ಮೇಲೆ ತಿಳಿಯುವುದಿತ್ತು. ಹಾಗೇ ಮಾಡಿದ್ದೆ."

"ಎಲ್ಲೂ ಬರದಿಲ್ಲೇನ್ರಿ?"

"ಇಲ್ಲ."

ದೇವದುರ್ಗದ ಕಡೆಯಿಂದ ರಾಯಚೂರಿನ ಬಸ್ಸು ಬಂತು. ಮೊಮ್ಮಗಳು ಹತ್ತಿ ಕಿಟಕಿಯ ಆಚೆ ಮುಖ ಮಾಡಿ ಕೂತಳು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಮೂಗಿನ ಹುಡುಗ ಡಬ್ಬಿ ಕೊಡುತ್ತಾ ಕೇಳಿದ, "ಆಯಿ, ಮುಂದಿನ ವರ್ಷ ಬರ್ತೀರೇನು?"

ಸುಳ್ಳು ಹೇಳುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಚೌಕಾಬಾರದಲ್ಲಿ ಕವಡೆ ತಿರುಗಿಸಿಟ್ಟು ಗೆದ್ದವಳು. ಆ ಹುಡುಗನ ಮುಖ ನೋಡಿ ನಾಲಗೆ ಹೊರಳಲಿಲ್ಲ.

"ಹೋಗ್ತೀನಪ್ಪಾ" ಎಂದೆ.

ಕಂಡಕ್ಟರ್ ಟಿಕೆಟ್ ಹರಿಯುತ್ತಿದ್ದವನು ತಲೆಯೆತ್ತಿದ. "ಏನ್ ಯವ್ವಾ, ವಯಸ್ಸಾಗ್ಯಾದ, ಹಂಗ ಅಂತಾರೇನು? ಬರ್ತೀನಿ ಅನ್ನಬೇಕು."

ಮಕ್ಕಳಿಬ್ಬರೂ ಅವನನ್ನು ನೋಡಿದರು. ನನ್ನನ್ನು ನೋಡಿದರು. ಅಡಿಗೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಂಡಕ್ಟರ್ ಸೀಟಿ ಊದಿದ.